ವಾರಕ್ಕೆ ಮೂರು ಸಲ

೧೯ ಜನವರಿ ೨೦೨೫, ಭಾನುವಾರ
ಹರಪನಹಳ್ಳಿ

ಬಿ.ಇಡಿ. ಓದುವವರು ದಿನಚರಿ ಬರೆಯಲೇಬೇಕು, ಅದಕ್ಕೆ ಅಂಕ ಇದೆ. ‘ಇಂದು ಎಂಟನೇ ತರಗತಿಗೆ ಸಂಧಿ ಬೋಧಿಸಿದೆ, ಮಕ್ಕಳು ಆಸಕ್ತಿಯಿಂದ ಆಲಿಸಿದರು’ ಎಂದು ಬರೆದು ಅರುಣಕುಮಾರ್ ಸರ್ ಹತ್ತಿರ ಸಹಿ ಹಾಕಿಸಿಕೊಳ್ಳಬೇಕು. ಮಕ್ಕಳು ಆಸಕ್ತಿಯಿಂದ ಆಲಿಸಿದ್ದು ಊಟದ ಗಂಟೆಯನ್ನು ಮಾತ್ರ. ಸಹಿ ಬೀಳುವ ಪುಸ್ತಕದಲ್ಲಿ ನಿಜ ಬರೆಯಲು ಬರುವುದಿಲ್ಲ. ಅದಕ್ಕೇ ಈ ಇನ್ನೊಂದು ನೋಟ್‌ಬುಕ್ ತಂದೆ. ಇದಕ್ಕೆ ಅಂಕವೂ ಇಲ್ಲ, ಸಹಿಯೂ ಇಲ್ಲ.

ಇವತ್ತು ಅವ್ವ ಬಂದಿದ್ದಳು. ಕಾನಹೊಸಹಳ್ಳಿಯಿಂದ ಕೊಟ್ಟೂರಿನ ಮೇಲೆ ಬರುವ ಹತ್ತೂವರೆಯ ಬಸ್ಸು. ಸೊಂಟದ ಮೇಲೆ ಬುತ್ತಿಯ ಡಬ್ಬಿ. ಡಬ್ಬಿಯ ಮುಚ್ಚಳದ ಮೇಲೆ ಕೆಂಪು ಪೇಂಟಿನಲ್ಲಿ ‘ಕ್ರಾಂತಿ, ಹರಪನಹಳ್ಳಿ’ ಎಂದು ಬರೆದದ್ದು ಇನ್ನೂ ಅಳಿಸಿಲ್ಲ. ಪಿಯುಸಿಗೆ ಈ ಊರಿಗೆ ಬಂದಾಗ ಬರೆಸಿದ್ದು. ಆಗ ಅವ್ವ ಬರುತ್ತಿರಲಿಲ್ಲ, ಬುತ್ತಿ ಒಂದೇ ಬರುತ್ತಿತ್ತು. ಬೆಳಿಗ್ಗೆ ಊರಲ್ಲಿ ಡಬ್ಬಿ ಕಟ್ಟಿ ಡ್ರೈವರ್ ಪಕ್ಕದಲ್ಲಿ ಇಟ್ಟು ಕಳಿಸುತ್ತಿದ್ದಳು. ರೂಮು ಮಾಡಿ ಓದುವ ನಾವೆಲ್ಲ ಬಸ್‌ಸ್ಟ್ಯಾಂಡಿನಲ್ಲಿ ಸಾಲಾಗಿ ನಿಂತು ನಮ್ಮ ನಮ್ಮ ಡಬ್ಬಿ ಇಳಿಸಿಕೊಳ್ಳುತ್ತಿದ್ದೆವು. ರೊಟ್ಟಿಯ ಬಿಸಿ ಆರಿರುತ್ತಿತ್ತು, ಡಬ್ಬಿಯ ತಳ ಮಾತ್ರ ಇಂಜಿನ್ ಕಾವಿಗೆ ಬೆಚ್ಚಗಿರುತ್ತಿತ್ತು. ಹೆಣ್ಣುಮಕ್ಕಳಿಗೆ ಬಸ್ಸು ಉಚಿತವಾದ ಮೇಲೆ ಬುತ್ತಿಯ ಜೊತೆ ಅವ್ವನೂ ಬರತೊಡಗಿದಳು. ವಾರಕ್ಕೊಂದು ಸಲ, ಭಾನುವಾರ. ಉಳಿದ ದಿನ ಅವಳಿಗೆ ಶಾಲೆಯ ಬಿಸಿಯೂಟದ ಅಡಿಗೆ.

ಬಂದು ಮಾಡುವುದೇನೂ ಇಲ್ಲ. ನನ್ನ ತಲೆಗೆ ಎಣ್ಣೆ ಹಚ್ಚುತ್ತಾಳೆ, ಪುಸ್ತಕಗಳನ್ನು ಎತ್ತಿ ಧೂಳು ಒರೆಸಿ ತಲೆಕೆಳಗಾಗಿ ಇಡುತ್ತಾಳೆ, ನಾಲ್ಕೂವರೆಯ ಬಸ್ಸಿಗೆ ಹೋಗುತ್ತಾಳೆ. “ನಿನ್ನ ಮಾರಿ ನೋಡಿದ್ನಲ್ಲ, ಇನ್ನೊಂದು ವಾರ ನಡೀತೈತಿ ಬಿಡು” ಎಂದು ಇವತ್ತೂ ಅಂದಳು. ನನ್ನನ್ನು ನೋಡಿದರೆ ವಾರವಿಡೀ ನಡೆಯುವುದು ಏನೆಂದು ನಾನು ಯಾವತ್ತೂ ಕೇಳಿಲ್ಲ. ಅವಳು ಹೋದ ಮೇಲೆ ರೂಮು ದೊಡ್ಡದಾಗಿ ಕಾಣಿಸುತ್ತದೆ, ಅದು ನನಗೆ ಇಷ್ಟವಾಗುವುದಿಲ್ಲ.

ಸ್ಕಾಲರ್‌ಶಿಪ್ಪಿನ ವಿಷಯ ಅವಳಿಗೆ ಹೇಳಲಿಲ್ಲ.

೨೨ ಜನವರಿ, ಬುಧವಾರ

ನೋಟಿಸ್ ಬೋರ್ಡಿನಲ್ಲಿ ಹನ್ನೊಂದು ಹೆಸರು. ‘ಕೆಳಕಂಡವರು ಶುಲ್ಕ ಪಾವತಿಸದಿದ್ದಲ್ಲಿ ಹಾಲ್ ಟಿಕೆಟ್ ನೀಡಲಾಗುವುದಿಲ್ಲ.’ ನನ್ನದು ಎರಡನೆಯದು. ಮೊದಲನೆಯದಾಗದಿದ್ದುದಕ್ಕೆ ಒಂದು ಕ್ಷಣ ಸಮಾಧಾನವಾಯಿತು ನೋಡಿ, ಮನುಷ್ಯ ಎಷ್ಟರಲ್ಲಿ ತೃಪ್ತನಾಗುತ್ತಾನೆ.

ನನ್ನ ಬಾಕಿ ಮೂವತ್ತೆಂಟು ಸಾವಿರ. ಅದನ್ನು ಸರ್ಕಾರ ಕೊಡಬೇಕು, ಸ್ಕಾಲರ್‌ಶಿಪ್ಪಿನಲ್ಲಿ. ಸರ್ಕಾರ ಕೊಟ್ಟಿಲ್ಲ, ಕಾಲೇಜು ಕಾಯುವುದಿಲ್ಲ. ಆಫೀಸಿನಲ್ಲಿ ಗುಮಾಸ್ತ ಗಂಗಪ್ಪನನ್ನು ಕೇಳಿದೆ.

“ಗೌರ್ಮೆಂಟ್ ಕೊಡ್ತೈತಿ ಅಂತ ಸೇರಿದ್ರಿ. ಈಗ ಗೌರ್ಮೆಂಟ್ ಬಂದು ನಿಮ್ಮ ಪರೀಕ್ಷಿ ಬರೀತೈತೇನ್ರಿ?” ಅಂದ. ಪಕ್ಕದಲ್ಲಿದ್ದವರು ನಕ್ಕರು. ನಾನೂ ನಕ್ಕೆ. ನಗದಿದ್ದರೆ ಇನ್ನೂ ಕೆಟ್ಟದಾಗಿ ಕಾಣುತ್ತಿತ್ತು.

ಪರೀಕ್ಷೆ ಏಪ್ರಿಲ್ ಎರಡಕ್ಕೆ. ಹಾಲ್ ಟಿಕೆಟ್ ಇಲ್ಲದಿದ್ದರೆ ಎರಡು ವರ್ಷ ನೀರಲ್ಲಿ ಹೋಮ. ಮುಂದಿನ ವರ್ಷ ಬರೆಯಬಹುದು ಎನ್ನುತ್ತಾರೆ. ಮುಂದಿನ ವರ್ಷದ ರೂಮಿನ ಬಾಡಿಗೆ ಯಾರು ಕೊಡುತ್ತಾರೆ? ಈ ವರ್ಷದ್ದನ್ನೇ ಅವ್ವ ತನ್ನ ಗೃಹಲಕ್ಷ್ಮಿಯ ಎರಡು ಸಾವಿರದಲ್ಲಿ ಕಟ್ಟುತ್ತಿದ್ದಾಳೆ.

ಇದರ ನಡುವೆ ಮಧ್ಯಾಹ್ನ ಚರ್ಚಾಸ್ಪರ್ಧೆಯ ಚೀಟಿ ಎತ್ತಿಸಿದರು. ವಿಷಯ: ‘ಗ್ಯಾರಂಟಿ ಯೋಜನೆಗಳು ಬಡವರ ಬದುಕನ್ನು ಎತ್ತಿ ನಿಲ್ಲಿಸಿವೆ.’ ಅರುಣಕುಮಾರ್ ಸರ್ ಸ್ಟೀಲ್ ಲೋಟದಲ್ಲಿ ಚೀಟಿ ಹಾಕಿ ಅಲ್ಲಾಡಿಸಿದರು. ನನಗೆ ‘ವಿರೋಧ’ ಬಂತು. ಗಂಗಾಂಬಿಕಾಗೆ ‘ಪರ’. ಅವಳ ಅಪ್ಪನಿಗೆ ಎರಡು ಮೆಕ್ಕೆಜೋಳದ ಗೋದಾಮು ಇವೆ, ಅವಳು ಬಸ್ಸಿನಲ್ಲಿ ಕೂತದ್ದನ್ನು ನಾನು ನೋಡಿಲ್ಲ. ಅವಳು ಬಡವರ ಪರ, ನಾನು ಬಡವರ ವಿರೋಧ. ಅದಲು ಬದಲು ಮಾಡಿಕೊಳ್ಳುತ್ತೇವೆ ಸರ್ ಅಂದೆ. ಚೀಟಿ ಅಂದರೆ ಚೀಟಿ, ಒಮ್ಮೆ ಎತ್ತಿದ್ದನ್ನು ಲೋಟಕ್ಕೆ ಹಾಕುವಂತಿಲ್ಲ ಅಂದರು.

ಸಂಘದ ಸಭೆಗಳಲ್ಲಿ ಮಾತಾಡುತ್ತಿದ್ದ ಅಪ್ಪ ಗಾಳೆಪ್ಪ ನನಗೆ ಕ್ರಾಂತಿ ಎಂದು ಹೆಸರಿಟ್ಟು, ಅದರಿಂದ ಏನು ಕೆಲಸ ಆಗಬೇಕೆಂದು ಹೇಳದೆ ಸತ್ತ.

೨೭ ಜನವರಿ, ಸೋಮವಾರ

ಐದು ದಿನ ಹಾಳೆ ಖಾಲಿ ಇತ್ತು. ಯಾವ ದುಡ್ಡಿನಲ್ಲಿ ನಾನು ಈ ಸೂರಿನ ಕೆಳಗೆ ಕೂತಿದ್ದೇನೋ ಅದರ ವಿರುದ್ಧ ಏನು ಬರೆಯಲಿ? ಸರ್ ಹತ್ತಿರ ಹೇಳಿಕೊಂಡೆ.

“ವಾದ ಬ್ಯಾರೆ, ಬದುಕು ಬ್ಯಾರೆ ಕ್ರಾಂತಿ. ವಕೀಲ ಕಳ್ಳನ ಪರ ವಾದ ಮಾಡಿದ್ರೆ ವಕೀಲ ಕಳ್ಳ ಆಗ್ತಾನೇನು?” ಅಂದರು. ಸರ್ ಒಳ್ಳೆಯವರು. ಅವರಿಗೂ ಈ ಕಾಲೇಜು ನಾಲ್ಕು ತಿಂಗಳಿಂದ ಸಂಬಳ ಕೊಟ್ಟಿಲ್ಲವಂತೆ.

ಸಂಜೆ ಸೈಬರ್ ಸೆಂಟರಿಗೆ ಹೋಗಿ ಸ್ಕಾಲರ್‌ಶಿಪ್ ಅರ್ಜಿ ನೋಡಿದೆ. ‘ಪರಿಶೀಲನೆಯಲ್ಲಿದೆ.’ ಐದು ತಿಂಗಳಿಂದ ಅದೇ. ಪರಿಶೀಲನೆ ಮಾಡುವವನು ಅಕ್ಷರ ಕಲಿಯುತ್ತ ಓದುತ್ತಿದ್ದಾನೋ ಏನೋ. ಕಂಪ್ಯೂಟರಿನ ಹಿಂದೆ ಗೋಡೆಯ ಮೇಲೆ ಯೋಜನೆಗಳ ಪೋಸ್ಟರ್, ನಗುವ ಹೆಂಗಸಿನ ಚಿತ್ರ. ಎಲ್ಲರಿಗೂ ಕೊಡಲು ದುಡ್ಡಿದೆ, ನನಗೆ ಇಲ್ಲ. ರೂಮಿಗೆ ಬಂದು ಒಂದೇ ಪಟ್ಟಿಗೆ ಕೂತು ನಾಲ್ಕು ಪುಟ ಬರೆದೆ. ಇಷ್ಟು ದಿನ ಕೋಪ ಇತ್ತು, ಯಾರ ಮೇಲೆಂದು ಗೊತ್ತಿರಲಿಲ್ಲ.

೧ ಫೆಬ್ರವರಿ, ಶನಿವಾರ

ಗೆದ್ದೆ. ಮೊದಲ ಬಹುಮಾನ.

ಗಂಗಾಂಬಿಕಾ ಚೆನ್ನಾಗಿಯೇ ಮಾತಾಡಿದಳು. “ಹೆಣ್ಣುಮಕ್ಕಳಿಗೆ ಎರಡು ಸಾವಿರ ಕೊಟ್ಟಿದ್ದಕ್ಕೆ ಸ್ಕಾಲರ್‌ಶಿಪ್ ನಿಂತಿತು ಅಂತಾರೆ. ಹಂಗಾದ್ರೆ ಈ ವರ್ಷ ಫೀಸು ಹನ್ನೆರಡು ಸಾವಿರ ಏರಿಸಿದವರು ಯಾರು? ಆ ಹೆಣ್ಣುಮಕ್ಕಳೇನು?” ಎಂದು ಕೇಳಿ ಮುಂದಿನ ಸಾಲಿನ ಕಡೆ ನೋಡಿದಳು. ಅಲ್ಲಿ ಆಡಳಿತ ಮಂಡಳಿ ಕೂತಿತ್ತು. ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಆ ಪ್ರಶ್ನೆ ಅವಳು ಕೇಳಬಹುದು. ಅವಳ ಹಾಲ್ ಟಿಕೆಟ್ ತಡೆಯುವವರು ಈ ತಾಲ್ಲೂಕಿನಲ್ಲಿ ಹುಟ್ಟಿಲ್ಲ.

ನಾನು ನಾಲ್ಕು ಪುಟ ಬಾಯಿಪಾಠ ಮಾಡಿದ್ದೆ. ಮೂರನೇ ಪುಟಕ್ಕೆ ಸಭೆ ಆಕಳಿಸತೊಡಗಿತು. ಅಂಕಿ ಅಂಶ ಯಾರಿಗೆ ಬೇಕು? ಆಗ ಹಾಳೆಯಲ್ಲಿ ಇಲ್ಲದ್ದು ಬಾಯಿಗೆ ಬಂತು. “ನಮ್ಮ ಕಡೆ ಒಬ್ಬ ಹೆಣ್ಣುಮಗಳಿದ್ದಾಳೆ. ವಾರಕ್ಕೊಂದು ಸಲ ಐವತ್ತೈದು ಕಿಲೋಮೀಟರು ಬಸ್ಸಿನಲ್ಲಿ ಕೂತು ಈ ಊರಿಗೆ ಬರುತ್ತಾಳೆ. ಆಸ್ಪತ್ರೆಗಾ? ಅಲ್ಲ. ಕೆಲಸಕ್ಕಾ? ಅಲ್ಲ. ನಾಲ್ಕು ರೊಟ್ಟಿ ಕೊಡಲಿಕ್ಕೆ! ರೊಟ್ಟಿಗೆ ಬಸ್ ಚಾರ್ಜು ಮಾಫಿ. ಆ ಬಸ್ಸಿನ ಡೀಸೆಲ್ಲಿನಲ್ಲಿ ಒಬ್ಬ ಬಡ ಹುಡುಗಿಯ ಸ್ಕಾಲರ್‌ಶಿಪ್ ಸುಟ್ಟುಹೋಗುತ್ತದೆ.”

ಸಭೆ ಎದ್ದು ಕೂತಿತು. ಆ ನಗುವನ್ನು ಹೇಗೆ ಬರೆಯಲಿ! ಅಷ್ಟು ಜನ ಒಟ್ಟಿಗೆ ನನ್ನ ಮಾತಿಗೆ ನಕ್ಕದ್ದು ಇದೇ ಮೊದಲು. ಈ ಕಾಲೇಜಿನಲ್ಲಿ ಇದುವರೆಗೆ ನನ್ನನ್ನು ನೋಡಿ ನಕ್ಕಿದ್ದಾರೆ, ನನ್ನ ಜೊತೆ ನಕ್ಕಿರಲಿಲ್ಲ.

ಹೆಸರು ಹೇಳಲಿಲ್ಲ. ಹೇಳಬೇಕಾಗಿಯೂ ಇಲ್ಲ, ಅದು ಬರೀ ಉದಾಹರಣೆ.

೨ ಫೆಬ್ರವರಿ, ಭಾನುವಾರ

ಅವ್ವ ಬಂದಿದ್ದಳು. ಬಹುಮಾನದ ಫಲಕವನ್ನು ಸೆರಗಿನಿಂದ ಮೂರು ಸಲ ಒರೆಸಿದಳು.

“ಏನಂತ ಮಾತಾಡಿದಿ ಯವ್ವಾ?”

“ವಿದ್ಯಾಭ್ಯಾಸದ ಬಗ್ಗೆ.”

“ಚಲೋ ಆತು. ಓದೋದರ ಮ್ಯಾಲ ಎಲ್ಲಾರೂ ಮಾತಾಡಬೇಕು” ಅಂದು ಫಲಕವನ್ನು ಖಾಲಿ ಬುತ್ತಿಯ ಚೀಲಕ್ಕೆ ಹಾಕಿಕೊಂಡಳು. ಊರಲ್ಲಿ ಬಿಸಿಯೂಟದ ಹೆಂಗಸರಿಗೆ ತೋರಿಸಬೇಕಂತೆ. ಬೇಡ ಅನ್ನಬೇಕೆಂದಿದ್ದೆ, ಏಕೆಂದು ಕೇಳಿದರೆ ಹೇಳಲು ಕಾರಣ ಇರಲಿಲ್ಲ.

೮ ಫೆಬ್ರವರಿ, ಶನಿವಾರ

ಕಾಲೇಜಿನ ಕಾರ್ಯದರ್ಶಿ ಸೋಮಶೇಖರ್ ಅವರು ಕರೆಸಿದ್ದರು. ಅವರು ಪಕ್ಷದ ಮುಖಂಡರೂ ಹೌದು. ಯಾವ ಪಕ್ಷ ಎಂದು ಬರೆದು ಏನು, ಹಿಂದಿನ ಚುನಾವಣೆಗೆ ಅವರದು ಬೇರೆ ಬಾವುಟ. ಬೈಯುತ್ತಾರೇನೋ ಎಂದು ಅಂಜಿಕೊಂಡು ಹೋದರೆ ಕುರ್ಚಿ ಹಾಕಿಸಿದರು, ಚಹಾ ತರಿಸಿದರು. ನಾನು ಆ ಕೋಣೆಯಲ್ಲಿ ಕೂತದ್ದು ಇದೇ ಮೊದಲು.

“ಹೊಟ್ಟಿ ತುಂಬಿದವರು ಬಿಟ್ಟಿ ಭಾಗ್ಯ ಬ್ಯಾಡ ಅಂದ್ರೆ ಜನ ಕೇಳಲ್ಲ ತಂಗಿ. ನನ್ನಂಥವನು ಹೇಳಿದ್ರೆ ಹೊಟ್ಟಿಕಿಚ್ಚು ಅಂತಾರೆ. ನೀನು ಹೇಳಿದ್ರೆ ಕೇಳ್ತಾರೆ. ನೀನು ಆ ಮನಿಯಿಂದಲೇ ಬಂದಾಕಿ ಅಲ್ಲೇನು?” ಅಂದರು. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಕೊನೆಗೆ ಇಲ್ಲಿ, ನಾಲ್ಕು ಕಡೆ ಭಾನುವಾರ ಸಭೆ ಇದೆಯಂತೆ. ಮಾತಾಡಬೇಕು.

“ಸರ್, ನನ್ನ ಹಾಲ್ ಟಿಕೆಟ್...” ಅಂದೆ.

“ಅದು ನನಗ ಬಿಡು.”

ಮೂರೇ ಮಾತು. ಸರ್ಕಾರ ಐದು ತಿಂಗಳಲ್ಲಿ ಹೇಳದ್ದನ್ನು ಈ ಮನುಷ್ಯ ಚಹಾ ಆರುವುದರೊಳಗೆ ಹೇಳಿದ. ದುಡ್ಡಿದ್ದವರ ಮೇಲೆ ನನಗೆ ಸುಮ್ಮನೆ ಸಿಟ್ಟಿತ್ತೇನೋ.

೧೬ ಫೆಬ್ರವರಿ, ಭಾನುವಾರ

ಕೂಡ್ಲಿಗಿ. ಕಾರಿನಲ್ಲಿ ಕರೆದುಕೊಂಡು ಹೋಗಿ ಕಾರಿನಲ್ಲೇ ಬಿಟ್ಟರು. ರೊಟ್ಟಿಯ ಮಾತಿಗೆ ಕಾಲೇಜಿನಲ್ಲಿ ನಕ್ಕಷ್ಟು ನಗಲಿಲ್ಲ. ಯಾಕೆಂದು ದಾರಿಯುದ್ದಕ್ಕೂ ಯೋಚಿಸಿದೆ. ವಾರಕ್ಕೊಂದು ಸಲ ಅನ್ನುವುದು ಹಳ್ಳಿಯವರಿಗೆ ದೊಡ್ಡದೆನಿಸುವುದಿಲ್ಲ. ಎರಡು ಸಲ ಅನ್ನಬೇಕು.

ಬರುವಷ್ಟರಲ್ಲಿ ಅವ್ವ ಬಂದು ಹೋಗಿದ್ದಳು. ಮನೆಯ ಒಡತಿ ಉಚ್ಚಂಗೆಮ್ಮ ಬುತ್ತಿ ಕೊಟ್ಟು, “ನಾಕರ ತನಕ ಕಟ್ಟಿ ಮ್ಯಾಲ ಕುಂತಿದ್ಲು ನಿಮ್ಮವ್ವ. ನೀರು ಕೊಟ್ರ ಕುಡಿದ್ಲು, ಒಳಗ ಬಾ ಅಂದ್ರ ಬರಲಿಲ್ಲ” ಅಂದಳು. ಉಚ್ಚಂಗೆಮ್ಮ ಒಳಗೆ ಬಾ ಅಂದದ್ದು ನಿಜವೋ ಸುಳ್ಳೋ. ರೂಮಿನಲ್ಲಿ ಇರುವುದಿಲ್ಲವೆಂದು ಅವ್ವನಿಗೆ ಫೋನ್ ಮಾಡಿ ಹೇಳಬೇಕಿತ್ತು, ಗಡಿಬಿಡಿಯಲ್ಲಿ ಮರೆತೆ.

೨ ಮಾರ್ಚ್, ಭಾನುವಾರ

ಹಗರಿಬೊಮ್ಮನಹಳ್ಳಿ. ಎರಡಲ್ಲ, ಮೂರು ಅಂದೆ. “ವಾರಕ್ಕೆ ಮೂರು ಸಲ!” ಎಂದು ಮೂರು ಬೆರಳು ಎತ್ತಿ ತೋರಿಸಿ ಒಂದು ಗಳಿಗೆ ಮಾತು ನಿಲ್ಲಿಸಬೇಕು, ಆಮೇಲೆ “ನಾಲ್ಕು ರೊಟ್ಟಿ ಕೊಡಲಿಕ್ಕೆ” ಅನ್ನಬೇಕು. ಹಾಗೆ ಹೇಳಿದರೆ ಕುರ್ಚಿಗಳೇ ನಗುತ್ತವೆ. ಶಾಲು ಹೊದಿಸಿದರು. ಸೋಮಶೇಖರ್ ಸಾಹೇಬರು ಮೈಕಿನಲ್ಲೇ “ನಮ್ಮ ಕಾಲೇಜಿನ ಮಗಳು” ಅಂದರು.

ಇಳಿದು ಬರುವಾಗ ಒಬ್ಬ ಮುದುಕಿ ಕೈ ಹಿಡಿದು ನಿಲ್ಲಿಸಿದಳು. “ಚಂದ ಮಾತಾಡತಿ. ಯಾರ ಮಗಳವ್ವಾ ನೀನು?”

“ಕಾನಹೊಸಹಳ್ಳಿ ಕಡೆ” ಅಂದೆ.

“ಊರು ಕೇಳಲಿಲ್ಲ ನಾನು” ಅಂದಳು. ಕಾರು ಕಾಯುತ್ತಿತ್ತು, ಬಂದುಬಿಟ್ಟೆ.

೯ ಮಾರ್ಚ್, ಭಾನುವಾರ

ಸಭೆ ಇರಲಿಲ್ಲ, ಅವ್ವ ಬಂದಳು. ಹದಿನೈದು ದಿನದ ಮಾತು ಕಟ್ಟಿಕೊಂಡು ಬಂದಿದ್ದಳು. ಬಿಸಿಯೂಟದ ಒಲೆ ಹೊಗೆ ಕಾರುವುದು, ಏಪ್ರಿಲ್ ಮೇ ಎರಡು ತಿಂಗಳು ಶಾಲೆ ಇಲ್ಲದ್ದಕ್ಕೆ ಸಂಬಳವೂ ಇಲ್ಲದ್ದು, ಪಕ್ಕದ ಮನೆಯ ಆಡು ಈದದ್ದು. ನಾನು ಹಡಗಲಿಯ ಭಾಷಣ ತಿದ್ದುತ್ತಿದ್ದೆ. ತಲೆಗೆ ಎಣ್ಣೆ ಹಚ್ಚುತ್ತೇನೆ ಬಾ ಅಂದಳು. ಅಕ್ಷರದ ಮೇಲೆ ಎಣ್ಣೆ ಬಿತ್ತು.

“ವಾರ ವಾರ ಯಾಕ ಬರ್ತಿ ಯವ್ವಾ? ಕೆಲಸ ಇಲ್ಲದ ಸುಮ್ಮನ ಯಾಕ ಅಡ್ಡಾಡ್ತಿ?” ಅಂದೆ.

ಅವಳು ಬಾಟಲಿಯ ಬಿರಡೆ ಹಾಕಿದಳು. “ನಿನ್ನ ನೋಡೋದು ಕೆಲಸ ಅಲ್ಲೇನು?” ಅಂದಳು.

ಒಳ್ಳೆಯ ಉತ್ತರ. ಚಿಕ್ಕದು, ಚುರುಕು, ಎದುರಾಳಿಯ ಮಾತನ್ನೇ ಹಿಡಿದು ತಿರುಗಿಸಿದ್ದು. ಆವತ್ತು ಗಂಗಾಂಬಿಕಾ ಇದನ್ನು ಹೇಳಿದ್ದರೆ ಬಹುಮಾನ ಅವಳಿಗೆ ಹೋಗುತ್ತಿತ್ತು. ಯಾರಾದರೂ ಸಭೆಯಲ್ಲಿ ಹೀಗೆ ಕೇಳಿದರೆ ಏನು ಹೇಳಬೇಕೆಂದು ಯೋಚಿಸಿ ಇಡಬೇಕು.

೧೬ ಮಾರ್ಚ್, ಭಾನುವಾರ

ಹಡಗಲಿ. ಚಪ್ಪಾಳೆ. ನಾಲ್ಕು ಸಲ.

ಗಂಟಲು ಕಟ್ಟಿದೆ. ಅವ್ವನಿಗೆ ಬರಬೇಡ ಎಂದು ಈ ಸಲ ಫೋನ್ ಮಾಡಿದ್ದೆ.

೧೯ ಮಾರ್ಚ್, ಬುಧವಾರ

ಗಂಗಾಂಬಿಕಾ ಲೈಬ್ರರಿಯ ಹತ್ತಿರ ನಿಲ್ಲಿಸಿದಳು. ಹಡಗಲಿಯ ವಿಡಿಯೋ ಅವಳ ಅಪ್ಪನ ಫೋನಿಗೂ ಬಂದಿದೆಯಂತೆ.

“ಒಂದ್ಮಾತು ಕೇಳ್ತೀನಿ, ಬ್ಯಾಸರ ಮಾಡ್ಕಬ್ಯಾಡ. ಆ ರೊಟ್ಟಿ ತರೋರು ನಿಮ್ಮವ್ವ ಅಲ್ಲೇನು? ನಾನು ಬಸ್‌ಸ್ಟ್ಯಾಂಡ್ ಹತ್ರ ನೋಡೀನಿ.”

“ಅದು ಉದಾಹರಣೆ” ಅಂದೆ.

“ನನಗೆ ಚೀಟ್ಯಾಗೆ ಪರ ಬಂದಿತ್ತು, ಮಾತಾಡಿ ಮನೀಗ್ ಹೋದೆ. ನೀನು ಇನ್ನೂ ಚೀಟಿ ಹಿಡ್ಕಂಡೇ ಅಡ್ಡಾಡ್ತಿದೀಯ” ಅಂದಳು.

ಮನೆಗೆ ಹೋಗಲು ಅವಳಿಗೆ ಮನೆ ಇದೆ. ಕನಿಕರ ತೋರಿಸುವುದು ಕೂಡ ಉಳ್ಳವರಿಗೇ ಸಾಧ್ಯ. ನನಗೆ ಬೇಕಾದದ್ದು ಒಂದು ಹಾಲ್ ಟಿಕೆಟ್, ಇನ್ನು ಒಂದೇ ಸಭೆ ಉಳಿದಿದೆ. ಹನ್ನೊಂದು ಹೆಸರಿನಲ್ಲಿ ನಾಲ್ವರು ಆಗಲೇ ಕಾಲೇಜು ಬಿಟ್ಟರು. ಅವರ ಬಗ್ಗೆ ಯಾವ ಗಂಗಾಂಬಿಕಾ ಮಾತಾಡುತ್ತಾಳೆ? ನಾನೂ ಮಾತಾಡಿಲ್ಲ, ಅದು ಬೇರೆ.

೨೩ ಮಾರ್ಚ್, ಭಾನುವಾರ

ಹರಪನಹಳ್ಳಿಯ ಸಭೆ ಇವತ್ತು ಮುಗಿಯಿತು. ಎಲ್ಲವನ್ನೂ ಕ್ರಮವಾಗಿ ಬರೆಯುತ್ತೇನೆ.

ಮೈದಾನದಲ್ಲಿ ಶಾಮಿಯಾನ. ಹೆಂಗಸರನ್ನು ಟ್ರ್ಯಾಕ್ಟರಿನಲ್ಲಿ ತುಂಬಿಕೊಂಡು ಬಂದಿದ್ದರು, ಊಟದ ಪೊಟ್ಟಣ ಕೊಟ್ಟು ಎಡಗಡೆ ಕೂರಿಸಿದ್ದರು. ಹನ್ನೊಂದೂವರೆಗೆ ನನ್ನ ಸರದಿ. ಹಾಳೆಯೂ ಬೇಕಾಗಲಿಲ್ಲ. “ನಮ್ಮ ಕಡೆ ಒಬ್ಬ ಹೆಣ್ಣುಮಗಳಿದ್ದಾಳೆ” ಎಂದು ಶುರುಮಾಡಿದೆ. ಆಗ ಡಬ್ಬಿ ಕಾಣಿಸಿತು.

ಮೊದಲು ಕಂಡದ್ದು ಅವ್ವ ಅಲ್ಲ, ಡಬ್ಬಿಯ ಮುಚ್ಚಳದ ಕೆಂಪು ಅಕ್ಷರ. ಹೆಂಗಸರ ಮೂರನೇ ಸಾಲು, ಕೊನೆಯ ಕುರ್ಚಿ. ತೊಡೆಯ ಮೇಲೆ ಡಬ್ಬಿ ಇಟ್ಟುಕೊಂಡು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಬರಬೇಡ ಎಂದು ಹೋದ ವಾರ ಹೇಳಿದ್ದೆ, ಈ ವಾರಕ್ಕೂ ಸೇರಿಸಿ ಹೇಳಬೇಕಿತ್ತು. ರೂಮಿಗೆ ಬೀಗ ಕಂಡು ಉಚ್ಚಂಗೆಮ್ಮನನ್ನು ಕೇಳಿಕೊಂಡು ಬಂದಿದ್ದಾಳೆ. ಮಗಳು ಮೈಕಿನ ಮುಂದೆ ನಿಂತದ್ದನ್ನು ನೋಡಿ ಮುಖ ಅರಳಿಸಿಕೊಂಡು ಕೂತಿದ್ದಳು.

ನಿಲ್ಲಿಸಬಹುದಿತ್ತು. ಕೆಮ್ಮಿ, ನೀರು ಕುಡಿದು, ಫೀಸಿನ ಮಾತಿಗೆ ಹೊರಳಬಹುದಿತ್ತು. ಆದರೆ ಮೂರು ಊರಲ್ಲಿ ಆಡಿ ಆಡಿ ಆ ಮಾತಿಗೆ ಬಂಡಿಯ ಜಾಡು ಬಿದ್ದಿತ್ತು, ನಾಲಗೆ ಅದರಲ್ಲೇ ಓಡಿತು. ಇನ್ನೊಂದು ನಿಜವನ್ನೂ ಇಲ್ಲಿ ಬರೆದುಬಿಡುತ್ತೇನೆ, ಇದಕ್ಕೆ ಸಹಿ ಹಾಕುವವರಿಲ್ಲ. ನಗು ಬರುವ ಜಾಗ ಹತ್ತಿರವಿತ್ತು, ಬಿಡಲು ಮನಸ್ಸಾಗಲಿಲ್ಲ.

“ವಾರಕ್ಕೆ ಮೂರು ಸಲ!” ಮೂರು ಬೆರಳು ಎತ್ತಿದೆ. “ನಾಲ್ಕು ರೊಟ್ಟಿ ಕೊಡಲಿಕ್ಕೆ!”

ಮೈದಾನ ನಕ್ಕಿತು. ಅವ್ವನ ಪಕ್ಕದವಳು ತೊಡೆ ತಟ್ಟಿಕೊಂಡು ನಕ್ಕಳು, ಅವ್ವನ ಭುಜಕ್ಕೆ ಬಡಿದು ಏನೋ ಹೇಳಿದಳು. ಅವ್ವ ಅವಳ ಕಡೆ ನೋಡಿದಳು, ಡಬ್ಬಿಯ ಕಡೆ ನೋಡಿದಳು. ಆಮೇಲೆ ಅವಳೂ ನಕ್ಕಳು. ಎಲ್ಲರದೂ ಮುಗಿಯುವ ಹೊತ್ತಿಗೆ, ಸೆರಗು ಬಾಯಿಗೆ ಇಟ್ಟುಕೊಂಡು. ಸೆರಗಿನ ಇನ್ನೊಂದು ತುದಿಯನ್ನು ಡಬ್ಬಿಯ ಮುಚ್ಚಳದ ಮೇಲೆ ಎಳೆದುಕೊಂಡಳು.

ಭಾಷಣ ಮುಗಿದ ಮೇಲೆ ಸೋಮಶೇಖರ್ ಸಾಹೇಬರು ಎದ್ದು ನಿಂತು, “ಇಂಥ ಸ್ವಾಭಿಮಾನಿ ಮಗಳ ಓದು ನಿಲ್ಲಬಾರದು ಅಂತ ಈಕೆಯ ಫೀಸಿನ ಜವಾಬ್ದಾರಿ ನಾನೇ ಹೊತ್ತೀನಿ” ಎಂದು ಸಾರಿ, ವೇದಿಕೆಯಲ್ಲೇ ಹಾಲ್ ಟಿಕೆಟ್ ಕೊಟ್ಟರು. ಕೈ ಚಾಚಿ ತೆಗೆದುಕೊಂಡೆ. ಫೋಟೋ ಸರಿಯಾಗಿ ಬರಲಿಲ್ಲ, ಇನ್ನೊಂದು ಸಲ ಚಾಚಮ್ಮ ಅಂದರು. ಇನ್ನೊಂದು ಸಲ ಚಾಚಿದೆ. ಕೆಳಗಿಳಿದಾಗ ಗಂಗಪ್ಪ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡ. ಸ್ಕಾಲರ್‌ಶಿಪ್ ಬಂದ ದಿನವೇ ಪೂರ್ತಿ ಕಾಲೇಜಿಗೆ ಕಟ್ಟುತ್ತೇನೆ ಎಂದು ಅದರಲ್ಲಿತ್ತು. ಸಾಹೇಬರು ಹೊತ್ತ ಜವಾಬ್ದಾರಿ ಇಷ್ಟೇ. ಕೊಟ್ಟದ್ದು ಒಂದು ಗಡುವು, ಕೊಟ್ಟಂತೆ ಕಂಡದ್ದು ಮೂವತ್ತೆಂಟು ಸಾವಿರ. ಉಗಿಯಬೇಕೆನಿಸಿತು, ಸಹಿ ಹಾಕಿದೆ.

ಅವ್ವ ರೂಮಿಗೆ ಬರಲಿಲ್ಲ, ನೇರ ಬಸ್‌ಸ್ಟ್ಯಾಂಡಿಗೆ ನಡೆದಳು. ನಾನು ಹಿಂದೆ ಹಿಂದೆ ಹೋದೆ. ಕಟ್ಟೆಯ ಮೇಲೆ ಕೂತು ಡಬ್ಬಿ ನನ್ನ ಕೈಗೆ ಕೊಟ್ಟಳು.

“ಚಲೋ ಮಾತಾಡಿದಿ. ಮೈಕಿನ ಮುಂದ ನಿಂತ್ರ ನಿಮ್ಮಪ್ಪನ ಕಾಲು ನಡುಗತಿದ್ವು. ನಿನಗ ನಡುಗಲಿಲ್ಲ” ಅಂದಳು.

“ಯವ್ವಾ, ಅದು ಉದಾಹರಣೆ...”

“ಹೂಂ.” ಬಸ್ಸು ಬರುವ ದಾರಿ ನೋಡಿದಳು. ಆಮೇಲೆ, ತಪ್ಪು ಲೆಕ್ಕ ಮಾಡಿದ ಮಗುವಿಗೆ ಹೇಳುವಷ್ಟು ಮೆಲ್ಲಗೆ, “ಮೂರು ಸಲ ಅಲ್ಲವ್ವ. ಒಂದ ಸಲ” ಅಂದಳು.

ಬಸ್ಸು ಬಂತು. ಅದೇ ಕಂಡಕ್ಟರ್ ಪಾಲಣ್ಣ, ನನ್ನ ಪಿಯುಸಿಯ ಕಾಲದಿಂದ ಬುತ್ತಿ ಇಳಿಸಿಕೊಟ್ಟವನು. ಅವ್ವ ಕಿಟಕಿಯ ಪಕ್ಕ ಕೂತಳು, ನಾನು ಕೆಳಗೆ ನಿಂತಿದ್ದೆ. ಅವಳು ಎಲೆಅಡಿಕೆ ಚೀಲ ಬಿಚ್ಚಿ ನೋಟು ತೆಗೆದಳು.

“ಯಕ್ಕಾ, ನಿಮಗ ಫ್ರೀ ಐತಲ್ಲ. ಆಧಾರ್ ಕಾರ್ಡ್ ಮರೆತು ಬಂದೀಯೇನು? ಇರಲಿ ಬಿಡು, ನಾ ನೋಡದಾಕಿನಾ ನೀನು” ಅಂದ ಪಾಲಣ್ಣ.

“ತಂದೀನಪ್ಪ. ಇವತ್ತು ಕೆಲಸ ಇಲ್ಲದ ಬಂದಿದ್ದೆ. ಟಿಕೀಟು ಕೊಡು.”

ಪಾಲಣ್ಣ ಕಿಟಕಿಯಿಂದ ನನ್ನ ಮುಖ ನೋಡಿದ. ನಾನು ಡಬ್ಬಿಯ ಹಿಡಿಕೆ ನೋಡಿದೆ. ಮಷೀನಿನಿಂದ ಟಿಕೆಟ್ ಬಂದ ಸದ್ದು ಕೆಳಗಿನವರೆಗೂ ಕೇಳಿಸಿತು.

ಅವ್ವನದು ಹಠ. ಆ ದುಡ್ಡಿನಲ್ಲಿ ಹಬ್ಬಕ್ಕೆ ಒಂದು ಕಿಲೋ ಬೆಲ್ಲ ಬರುತ್ತಿತ್ತು. ಹೋಗಲಿ, ಹಾಲ್ ಟಿಕೆಟ್ ಸಿಕ್ಕಿದೆ. ಅದು ಮುಖ್ಯ.

೨೬ ಮಾರ್ಚ್, ಬುಧವಾರ

ಓದಲು ಕೂತರೆ ಓದಿದ್ದು ಹತ್ತುತ್ತಿಲ್ಲ. ಅವ್ವ ಫೋನ್ ಎತ್ತಿದಳು. ಒಲೆಯ ಮುಂದೆ ಇದ್ದೀನಿ ಅಂದಳು. ಸಿಟ್ಟು ಇಲ್ಲ, ಎಂದಿನ ದನಿಯೇ. ಸಿಟ್ಟು ಮಾಡಿದ್ದರೆ ಸಮಾಧಾನ ಮಾಡಬಹುದಿತ್ತು.

೩೦ ಮಾರ್ಚ್, ಭಾನುವಾರ, ಯುಗಾದಿ

ಹತ್ತೂವರೆಯ ಬಸ್ಸಿಗೆ ಹತ್ತಕ್ಕೇ ಹೋಗಿ ನಿಂತೆ. ಹಬ್ಬ, ಭಾನುವಾರ, ಬರುವ ಬುಧವಾರ ಪರೀಕ್ಷೆ. ಬಂದೇ ಬರುತ್ತಾಳೆ ಅಂದುಕೊಂಡಿದ್ದೆ. ಹೆಂಗಸರೆಲ್ಲ ಇಳಿದರು. ಕೊನೆಗೆ ಪಾಲಣ್ಣ ಇಂಜಿನ್ ಪಕ್ಕದಿಂದ ಡಬ್ಬಿ ಎತ್ತಿ ಕೊಟ್ಟ.

“ಅವ್ವ?”

“ಸೀಟು ಖಾಲಿ ಅದಾವು, ಬಾರಕ್ಕ ಅಂದೆ. ಬುತ್ತಿ ಮುಟ್ಟಿದ್ರ ಸಾಕು ಅಂದ್ಲು. ಬುತ್ತಿಗೂ ಲಗೇಜ್ ಟಿಕೀಟು ಕೊಡು ಅಂತ ಗಂಟುಬಿದ್ಲು ನೋಡು. ಇಷ್ಟು ವರ್ಷದಾಗ ಬುತ್ತಿಗೆ ಯಾರರ ರೊಕ್ಕ ತಗಂತಾರೇನು?” ಅಂದ.

ಡಬ್ಬಿಯ ತಳ ಬೆಚ್ಚಗಿತ್ತು. ರೂಮಿಗೆ ತಂದು ತೆರೆದೆ. ಹೋಳಿಗೆ, ಕಟ್ಟಿನ ಸಾರು, ಒಂದು ಬಟ್ಟಲು ತುಪ್ಪ. ತುಪ್ಪ ಎಲ್ಲಿಂದ ತಂದಳೋ. ಮೂರು ಹೋಳಿಗೆ ತಿಂದೆ. ನಾಲ್ಕನೆಯದನ್ನು ಮುರಿದಾಗ ಅಳು ಬಂತು. ಯಾಕೆಂದು ನನಗೆ ಗೊತ್ತು, ಇಲ್ಲಿ ಬರೆಯುವುದಿಲ್ಲ.

ಡಬ್ಬಿ ತೊಳೆದೆ. ಖಾಲಿ ಡಬ್ಬಿ ನಾಲ್ಕೂವರೆಯ ಬಸ್ಸಿಗೆ ಹಾಕಿದರೆ ಊರು ಮುಟ್ಟುತ್ತದೆ. ಒಳಗೆ ಒಂದು ಚೀಟಿ ಬರೆದಿಡೋಣವೆಂದು ಕೂತೆ. ‘ಅವ್ವಾ’ ಎಂದು ಬರೆದು ಅರ್ಧ ಗಂಟೆ ಕೂತೆ. ಆಮೇಲೆ ನೆನಪಾಯಿತು, ಅವ್ವನಿಗೆ ಓದು ಬರುವುದಿಲ್ಲ. ಯಾರ ಕೈಲಾದರೂ ಓದಿಸಬೇಕು. ಓದುವವರು ವಿಡಿಯೋ ನೋಡಿರುತ್ತಾರೆ.

ಹಾಗಾದರೆ ನಾನೇ ಹೋಗಬೇಕು. ಪುಸ್ತಕ ಚೀಲಕ್ಕೆ ಹಾಕಿಕೊಂಡು ಡಬ್ಬಿ ಹಿಡಿದು ಹೊರಟೆ. ಹೋಗಿ ಏನು ಹೇಳುವುದೆಂದು ದಾರಿಯಲ್ಲಿ ಕಟ್ಟಿಕೊಂಡೆ. ಒಂದೇ ಸಲ ಅವ್ವಾ, ನೀನು ಒಂದೇ ಸಲ ಬರುತ್ತಿದ್ದೆ, ಅದನ್ನೂ ತಪ್ಪಿಸಬೇಡ. ಇಷ್ಟೇ ಸಾಕೆನಿಸಿತು.

ಬಸ್ಸಿನ ಮೆಟ್ಟಿಲಿಗೆ ಕಾಲಿಟ್ಟೆ. ಒಳಗೆ ಹಬ್ಬ ಮುಗಿಸಿ ಊರಿಗೆ ಹೊರಟ ಹೆಂಗಸರು. ಮುಂದಿನ ಸೀಟಿನವಳು ಪಕ್ಕದವಳನ್ನು ತಿವಿದು, “ಏ ನೋಡ, ಭಾಷಣದ ಹುಡುಗಿ! ರೊಟ್ಟಿ ಹುಡುಗಿ!” ಅಂದಳು. ಇನ್ನೊಬ್ಬಳು ಮೂರು ಬೆರಳು ಎತ್ತಿ ತೋರಿಸಿದಳು. ಥೇಟ್ ನನ್ನ ಹಾಗೆಯೇ, ಒಂದು ಗಳಿಗೆ ಮಾತು ನಿಲ್ಲಿಸಿ. ಎಲ್ಲರೂ ನಕ್ಕರು, ಕೆಟ್ಟ ನಗುವೇನಲ್ಲ.

“ಹತ್ತು ತಂಗಿ, ನಿನಗೇನು ರೊಕ್ಕ ಕೊಡೋದೈತೇನು?” ಅಂದ ಪಾಲಣ್ಣ.

ಟಿಕೆಟ್ ತೆಗೆಸೋಣವೆಂದರೆ ಕೈಯಲ್ಲಿ ಇಪ್ಪತ್ತು ರೂಪಾಯಿ ಇತ್ತು. ರೂಮಿನಲ್ಲಿ ನಾಲ್ಕು ಶಾಲು ಇವೆ, ಶಾಲಿಗೆ ಕೊಟ್ಟೂರಿನವರೆಗೂ ಟಿಕೆಟ್ ಸಿಗುವುದಿಲ್ಲ. ಬಿಟ್ಟಿ ಹತ್ತಲು ಮುಖ ಇರಲಿಲ್ಲ.

ಮೆಟ್ಟಿಲಿನಿಂದ ಕಾಲು ತೆಗೆದೆ. ಡಬ್ಬಿಯನ್ನು ಪಾಲಣ್ಣನ ಕೈಗೆ ಕೊಟ್ಟೆ. ಅವನು ಅದನ್ನು ಇಂಜಿನ್ ಪಕ್ಕದಲ್ಲಿ, ನನ್ನ ಹೆಸರು ಮೇಲಾಗಿ ಇಟ್ಟ. ಬಸ್ಸು ಹೋಯಿತು.